ಬಾತು ಸಾಕಣೆಯಲ್ಲಿ ನೀರಿನ ಲೆಕ್ಕ

ಹಿತ್ತಲಿನಲ್ಲಿ ಬಾತುಕೋಳಿ ಸಾಕಿದ್ದೇನೆ ಎಂದ ಕೂಡಲೇ ಎಲ್ಲರೂ ಕೇಳುವುದು ಕೊಳ ಇದೆಯೇ ಎಂದು. ನನ್ನಲ್ಲಿ ಕೊಳವಿಲ್ಲ, ಅದು ಇರಲೇಬೇಕೆಂಬ ಅಗತ್ಯವೂ ಇಲ್ಲ. ಮೊಟ್ಟೆಗಾಗಿ ಸಾಕುವ ಬಾತಿಗೆ ಈಜಾಟ ಒಂದು ಸುಖ ಮಾತ್ರ. ಅದಕ್ಕೆ ತಪ್ಪದೆ ಬೇಕಾದದ್ದು ತಲೆಯನ್ನು ಪೂರ್ತಿ ಮುಳುಗಿಸಲು ಸಾಕಾಗುವಷ್ಟು ಆಳದ ನೀರು. ಅಷ್ಟು ಆಳ ಸಿಗದಿದ್ದರೆ ಕೊಕ್ಕಿನ ಮೇಲಿನ ಮೂಗಿನ ಹೊಳ್ಳೆಗಳಲ್ಲಿ ಮೇವು ಒಣಗಿ ಕಟ್ಟಿಕೊಳ್ಳುತ್ತದೆ, ಕಣ್ಣಿನ ಸುತ್ತ ಪಿಸುರು ಕೂತು ರೆಪ್ಪೆಗಳು ಅಂಟಿಕೊಳ್ಳುತ್ತವೆ. ಅದೇ ನೀರು ಮಲಗುವ ಜಾಗಕ್ಕೆ ಹರಿದರೆ ಹಾಸು ಕೊಳೆತು ರೋಗ ಶುರುವಾಗುತ್ತದೆ. ಮೊಟ್ಟೆ ಇಡುವ ಬಾತಿಗೆ, ಕಾವುಪೆಟ್ಟಿಗೆಯಲ್ಲಿರುವ ಮೊಟ್ಟೆಗೆ, ಚಿಪ್ಪೊಡೆದು ಬಂದ ಮರಿಗೆ ಬೇಕಾಗುವ ನೀರಿನ ಪ್ರಮಾಣ ಬೇರೆ ಬೇರೆ, ಅದು ಬೇಕಾಗುವ ಹೊತ್ತೂ ಬೇರೆ. ಈ ಲೆಕ್ಕವನ್ನು ಹಿಡಿದರೆ ಬಾತು ಸಾಕಣೆಯ ಮುಕ್ಕಾಲು ಪಾಲು ಕೈಗೆ ಸಿಕ್ಕಿತೆಂದೇ ನನ್ನ ಎಣಿಕೆ.

ನಾನು ಆರಿಸಿಕೊಂಡದ್ದು ಖಾಕಿ ಕ್ಯಾಂಪ್‌ಬೆಲ್ ತಳಿಯನ್ನು. 19ನೇ ಶತಮಾನದ ಕೊನೆಯ ವರ್ಷಗಳಲ್ಲಿ ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಎಂಬಾಕೆ ರನ್ನರ್ ಮತ್ತು ರೂವಾನ್ ಬಾತುಗಳನ್ನು ಕೂಡಿಸಿ, ಮುಂದೆ ಮಲ್ಲಾರ್ಡ್ ಎಂಬ ಕಾಡುಬಾತಿನ ರಕ್ತವನ್ನೂ ಬೆರೆಸಿ ರೂಪಿಸಿದ ತಳಿ ಇದು. ಒಳ್ಳೆಯ ಆರೈಕೆಯಲ್ಲಿ ಒಂದು ಹೆಣ್ಣು ವರ್ಷಕ್ಕೆ 250ರಿಂದ 300 ಮೊಟ್ಟೆಗಳನ್ನು ಇಡುತ್ತದೆ. ಬಿಳಿಯ ಪೆಕಿನ್ ಬಾತು ನೋಡಲು ಅಂದ, ಆದರೆ ಅದು ಮುಖ್ಯವಾಗಿ ಮಾಂಸದ ತಳಿ. ಮಸ್ಕವಿ ಬಾತಿನದು ಬೇರೆಯೇ ಪ್ರಭೇದ. ಉಳಿದ ಸಾಕುಬಾತುಗಳೆಲ್ಲ ಮಲ್ಲಾರ್ಡ್ ಸಂತತಿಯವಾಗಿದ್ದು ಅವುಗಳ ಮೊಟ್ಟೆಗೆ 28 ದಿನಗಳ ಕಾವು ಸಾಕಾದರೆ, ಮಸ್ಕವಿಯ ಮೊಟ್ಟೆಗೆ ಸುಮಾರು 35 ದಿನ ಹಿಡಿಯುತ್ತದೆ. ಖಾಕಿ ಕ್ಯಾಂಪ್‌ಬೆಲ್ ಬಾತಿನ ಒಂದು ಗುಣವನ್ನು ಮೊದಲೇ ತಿಳಿದಿರಬೇಕು: ಅದು ಮೊಟ್ಟೆ ಇಟ್ಟು ಎದ್ದು ಹೋಗುತ್ತದೆಯೇ ಹೊರತು ಕಾವಿಗೆ ಕೂರುವುದು ಬಲು ಅಪರೂಪ. ಕಾವಿಗೆ ಕೂತ ಹಕ್ಕಿ ಮೊಟ್ಟೆ ಇಡುವುದನ್ನು ನಿಲ್ಲಿಸುತ್ತದೆಯಾದ್ದರಿಂದ, ಹೆಚ್ಚು ಮೊಟ್ಟೆಗಾಗಿ ಆಯ್ದು ಬೆಳೆಸಿದ ತಳಿಯಲ್ಲಿ ಆ ಬಯಕೆ ಕರಗಿಹೋಗಿರುವುದು ಸಹಜ. ಮರಿ ಬೇಕೆಂದರೆ ಕಾವನ್ನು ನಾವೇ ಒದಗಿಸಬೇಕು.

ಗೂಡಿನ ವಿಷಯದಲ್ಲಿ ಬಾತು ಹೆಚ್ಚೇನೂ ಬೇಡುವುದಿಲ್ಲ. ಕೋಳಿಗಳ ಹಾಗೆ ಅಡ್ಡಗೋಲಿನ ಮೇಲೆ ಕೂರುವ ಅಭ್ಯಾಸ ಅದಕ್ಕಿಲ್ಲ, ನೆಲದ ಮೇಲೆಯೇ ಮಲಗುತ್ತದೆ. ಹಾಗಾಗಿ ಎತ್ತರಕ್ಕಿಂತ ನೆಲದ ಅಗಲ ಮುಖ್ಯ. ಒಂದು ಬಾತಿಗೆ ಸುಮಾರು 4 ಚದರ ಅಡಿ ಇದ್ದರೆ ಇಕ್ಕಟ್ಟಾಗುವುದಿಲ್ಲ. ಗೂಡಿನ ಗೋಡೆಯನ್ನು ಬಾತಿನ ತಲೆಯ ಎತ್ತರದವರೆಗೆ ಹಲಗೆಯಿಂದ ಮುಚ್ಚಿ, ಅದರ ಮೇಲೆ ಗಾಳಿಯಾಡಲು ಅರ್ಧ ಇಂಚು ಕಣ್ಣಿನ ತಂತಿಜಾಲರಿ ಹೊಡೆಸಿದೆ. ಜಾಲರಿಯ ಕಣ್ಣು ದೊಡ್ಡದಾದರೆ ಬೆಕ್ಕಿನಂಥ ಪ್ರಾಣಿಗಳು ಪಂಜ ತೂರಿಸಿ ಒಳಗಿನ ಹಕ್ಕಿಯನ್ನು ಗಾಯಗೊಳಿಸುತ್ತವೆ. ಬಾತುಗಳು ಕತ್ತಲಲ್ಲಿ ಗಾಬರಿ ಬೀಳುವ ಜಾತಿ. ಒಂದು ಬೆದರಿತೆಂದರೆ ಎಲ್ಲವೂ ಗುಂಪಾಗಿ ಒಂದು ಮೂಲೆಗೆ ನುಗ್ಗಿ, ಒಂದರ ಮೇಲೊಂದು ಹತ್ತಿ, ಕಾಲು ಉಳುಕಿಸಿಕೊಳ್ಳುತ್ತವೆ. ಗೂಡಿನಲ್ಲಿ ಒಂದು ಮಂದ ದೀಪ ಉರಿಸಲು ಶುರುಮಾಡಿದ ಮೇಲೆ ಆ ರಾತ್ರಿಯ ಗಲಾಟೆ ನಿಂತಿತು. ಬಾತನ್ನು ಹಿಡಿಯುವಾಗ ಕಾಲಿಗೆ ಕೈ ಹಾಕಬಾರದೆಂಬ ಮಾತಿಗೂ ಇದೇ ಕಾರಣ: ಮೈಭಾರಕ್ಕೆ ಹೋಲಿಸಿದರೆ ಅವುಗಳ ಕಾಲು ಬಹಳ ದುರ್ಬಲ. ಎರಡೂ ಕೈಗಳಿಂದ ರೆಕ್ಕೆಗಳನ್ನು ಮೈಗೆ ಒತ್ತಿ ಎತ್ತಿಕೊಳ್ಳುವುದು ಸರಿಯಾದ ಕ್ರಮ.

ನೀರಿನ ತೊಟ್ಟಿಯನ್ನು ಎಲ್ಲಿಡಬೇಕೆಂಬುದು ಗೂಡು ಕಟ್ಟುವುದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ ಸಂಗತಿ. ಬಾತು ಒಂದು ಬಾಯಿ ಮೇವು ತಿನ್ನುತ್ತದೆ, ನೀರಿನತ್ತ ಓಡುತ್ತದೆ, ಕೊಕ್ಕನ್ನು ಅದ್ದಿ ಜಾಲಾಡಿಸುತ್ತದೆ, ಮತ್ತೆ ಮೇವಿಗೆ ಬರುತ್ತದೆ. ಕೊಕ್ಕಿನ ಅಂಚಿನುದ್ದಕ್ಕೂ ಇರುವ ಸಣ್ಣ ಹಲ್ಲುಗಳಂಥ ಏಣುಗಳು ನೀರನ್ನು ಸೋಸಿ ಹೊರಬಿಡುತ್ತವೆ, ಆ ನೀರೆಲ್ಲ ಸುತ್ತಮುತ್ತಲಿನ ನೆಲಕ್ಕೆ ಬೀಳುತ್ತದೆ. ಒಂದೇ ದಿನದಲ್ಲಿ ತೊಟ್ಟಿಯ ಸುತ್ತ ಕೆಸರು ಸಿದ್ಧ. ಆದ್ದರಿಂದ ತೊಟ್ಟಿಯನ್ನು ಗೂಡಿನಿಂದ ದೂರ, ಹಿತ್ತಲಿನ ಇಳಿಜಾರಿನ ತಗ್ಗಿನಲ್ಲಿ, ಜಲ್ಲಿ ಹರಡಿದ ಗುಂಡಿಯ ಮೇಲೆ ಇಟ್ಟು, ಅಲ್ಲಿಂದ ಹೊರಬೀಳುವ ಹಿಕ್ಕೆ ಬೆರೆತ ನೀರು ಗಿಡಗಳ ಪಾತಿಗೆ ಹರಿಯುವಂತೆ ಕಾಲುವೆ ತೋಡಿದೆ. ತೊಟ್ಟಿಯ ನೀರನ್ನು ದಿನವೂ ಬದಲಾಯಿಸಬೇಕು. ಕೊಳೆತ ಎಲೆ, ಸತ್ತ ಹುಳುಗಳಿರುವ ನಿಂತ ನೀರಿನಲ್ಲಿ ಬೊಟುಲಿಸಂ ಉಂಟುಮಾಡುವ ಬ್ಯಾಕ್ಟೀರಿಯ ಬೆಳೆಯುತ್ತದೆ. ಅದರ ವಿಷ ಏರಿದ ಬಾತಿನ ಕತ್ತು ಸೋತು ಜೋತುಬೀಳುತ್ತದೆ. ಇನ್ನು ರಾತ್ರಿ ಗೂಡಿನೊಳಗೆ ನೀರನ್ನೂ ಇಡುವುದಿಲ್ಲ, ಮೇವನ್ನೂ ಇಡುವುದಿಲ್ಲ. ನೀರಿಲ್ಲದೆ ಮೇವು ಕೊಟ್ಟರೆ ಒಣ ಮೇವು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಸಂಜೆ ಎರಡನ್ನೂ ಹೊಟ್ಟೆ ತುಂಬ ಕೊಟ್ಟು, ಬೆಳಿಗ್ಗೆಯವರೆಗೆ ಎರಡನ್ನೂ ತಪ್ಪಿಸಿದರೆ ಹಾಸು ಒಣಗಿರುತ್ತದೆ. ಬೆಳಿಗ್ಗೆ ಮಾತ್ರ ಬಾಗಿಲು ತೆರೆಯುವ ಮೊದಲೇ ತೊಟ್ಟಿ ತುಂಬಿರಬೇಕು.

ಮೊಟ್ಟೆಯ ಮಟ್ಟಿಗೆ ಬಾತು ಶಿಸ್ತಿನ ಹಕ್ಕಿ. ಸುಮಾರು ಐದಾರು ತಿಂಗಳ ವಯಸ್ಸಿಗೆ ಇಡಲು ತೊಡಗಿ, ಬಹುತೇಕ ಎಲ್ಲ ಮೊಟ್ಟೆಗಳನ್ನೂ ನಸುಕಿನಿಂದ ಬೆಳಗಿನ ಎಂಟು ಒಂಬತ್ತು ಗಂಟೆಯೊಳಗೆ ಇಟ್ಟು ಮುಗಿಸುತ್ತದೆ. ಬೇಗ ಹೊರಗೆ ಬಿಟ್ಟರೆ ಪೊದೆಯ ಅಡಿಯಲ್ಲೋ, ಕೆಸರಿನಲ್ಲೋ, ಕೆಲವೊಮ್ಮೆ ನೀರಿನ ತೊಟ್ಟಿಯೊಳಗೇ ಇಟ್ಟುಬಿಡುತ್ತದೆ. ಆ ಹೊತ್ತಿನವರೆಗೆ ಗೂಡಿನಲ್ಲಿಯೇ ಇರಿಸಿಕೊಂಡರೆ ಹುಡುಕಾಟ ತಪ್ಪುತ್ತದೆ. ಗೂಡಿನ ಕತ್ತಲು ಮೂಲೆಗಳಲ್ಲಿ ಒಣಹುಲ್ಲು ತುಂಬಿದ ತಗ್ಗು ಪೆಟ್ಟಿಗೆಗಳನ್ನಿಟ್ಟಿದ್ದೇನೆ. ಬಾತು ಮೊಟ್ಟೆ ಇಟ್ಟ ಮೇಲೆ ಕೊಕ್ಕಿನಿಂದ ಹುಲ್ಲನ್ನೆಳೆದು ಅದರ ಮೇಲೆ ಮುಚ್ಚುವುದುಂಟು, ಬರಿಗಣ್ಣಿಗೆ ಪೆಟ್ಟಿಗೆ ಖಾಲಿಯೆಂದು ತೋರಿದರೂ ಕೈಯಾಡಿಸಿ ನೋಡಬೇಕು. ಮೊಟ್ಟೆ 65ರಿಂದ 75 ಗ್ರಾಂ ತೂಗುತ್ತದೆ. ಕೋಳಿಮೊಟ್ಟೆಗಿಂತ ಚಿಪ್ಪು ಗಟ್ಟಿ, ಮೈ ನುಣುಪು, ಹಳದಿ ಭಾಗ ದೊಡ್ಡದು.

ಇಷ್ಟು ಮೊಟ್ಟೆ ಇಡುವ ಹಕ್ಕಿಗೆ ಅಡುಗೆಮನೆಯ ಉಳಿಕೆ ಸಾಲದು. ಸುಮಾರು 16ರಿಂದ 18 ಶೇಕಡ ಪ್ರೋಟೀನ್ ಮತ್ತು 3 ಶೇಕಡದಷ್ಟು ಕ್ಯಾಲ್ಸಿಯಂ ಇರುವ ಮೇವು ಬೇಕು. ಕ್ಯಾಲ್ಸಿಯಂ ಸಾಲದಾದಾಗ ಚಿಪ್ಪು ತೆಳುವಾಗಿ, ಕಡೆಗೆ ಚಿಪ್ಪೇ ಇಲ್ಲದ ತೊಗಲು ಮೊಟ್ಟೆ ಬೀಳುತ್ತದೆ. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಟ್ಟರೆ ಬೇಕಾದಷ್ಟನ್ನು ಅವೇ ಆರಿಸಿ ತಿನ್ನುತ್ತವೆ, ಗಂಡುಗಳು ಅದರ ತಂಟೆಗೆ ಹೋಗುವುದು ಕಡಿಮೆ. ಹಿತ್ತಲಿನಲ್ಲಿ ಬಸವನಹುಳು, ಗೊಂಡೆಹುಳು, ಎರೆಹುಳು ಸಿಕ್ಕರೆ ಅಂದಿನ ಮೇವು ಉಳಿಯುವುದು ಖಂಡಿತ. ಎಳೆಯ ಸೊಪ್ಪಿನ ಸಸಿಗಳೂ ಅವುಗಳ ಜೊತೆಗೆ ಹೋಗುತ್ತವೆಂಬುದನ್ನು ತೋಟ ಮಾಡುವವರು ಗಮನಿಸಬೇಕು. ಹಗಲಿನ ಬೆಳಕು ಕಡಿಮೆಯಾದ ತಿಂಗಳುಗಳಲ್ಲಿ ಮೊಟ್ಟೆ ಇಳಿಯುತ್ತದೆ, ಗರಿ ಉದುರಿಸುವ ಕಾಲದಲ್ಲಿ ನಿಂತೇ ಹೋಗುತ್ತದೆ. ಆಗ ಮೇವನ್ನು ದೂರಿ ಉಪಯೋಗವಿಲ್ಲ.

ಮೊಟ್ಟೆಗಷ್ಟೇ ಆದರೆ ಗಂಡು ಬಾತು ಬೇಡ. ಮರಿಗೆ ಬೇಕೆಂದರೆ ಐದಾರು ಹೆಣ್ಣಿಗೆ ಒಂದು ಗಂಡು ಸಾಕು. ಗಂಡುಗಳು ಹೆಚ್ಚಾದರೆ ಒಂದೇ ಹೆಣ್ಣನ್ನು ಎಲ್ಲವೂ ಅಟ್ಟಾಡಿಸಿ, ಅದರ ಹಿಂಗತ್ತಿನ ಪುಕ್ಕವೆಲ್ಲ ಕಿತ್ತುಬಂದು ತೊಗಲು ಕಾಣುವಂತಾಗುತ್ತದೆ. ಗಂಡನ್ನು ಗುಂಪಿಗೆ ಬಿಟ್ಟು ಒಂದು ವಾರ ಹತ್ತು ದಿನ ಕಳೆದ ಮೇಲೆ ಇಟ್ಟ ಮೊಟ್ಟೆಗಳನ್ನು ಕಾವಿಗೆ ಆರಿಸುವುದು ವಾಡಿಕೆ. ಹೀಗೆ ಆರಿಸುವ ಕೆಲಸದಲ್ಲಿ ನಾನು ಸ್ವಲ್ಪ ಕಠಿಣ. ತೀರ ದೊಡ್ಡದು, ತೀರ ಚಿಕ್ಕದು, ಉದ್ದವಾಗಿ ಎಳೆದಂತಿರುವುದು, ಚಿಪ್ಪಿನ ಮೇಲೆ ಒರಟು ಗಂಟುಗಳಿರುವುದು, ಎರಡು ಭಂಡಾರದ, ಅಂದರೆ ಎರಡು ಹಳದಿಯ, ಶಂಕೆಯುಳ್ಳದ್ದು ಎಲ್ಲವೂ ಅಡುಗೆಮನೆಗೆ. ಕೊಳಕಾದ ಮೊಟ್ಟೆಯನ್ನು ತೊಳೆದು ಕಾವಿಗಿಡುವುದು ಅದನ್ನು ಹಾಗೆಯೇ ಇಡುವುದಕ್ಕಿಂತ ಕೆಟ್ಟದ್ದು. ಚಿಪ್ಪಿನ ಮೇಲೆ ಕಣ್ಣಿಗೆ ಕಾಣದ ತೆಳು ಪೊರೆಯೊಂದಿದ್ದು ಅದು ಸಾವಿರಾರು ರಂಧ್ರಗಳನ್ನು ರೋಗಾಣುಗಳಿಂದ ಕಾಯುತ್ತದೆ. ನೀರು ತಾಗಿ ಅದು ಹೋದರೆ, ಅದರಲ್ಲೂ ತಣ್ಣೀರಿನಲ್ಲಿ ತೊಳೆದರೆ, ಮೊಟ್ಟೆಯ ಒಳಭಾಗ ಕುಗ್ಗುವಾಗ ಕೊಳಕನ್ನೂ ಒಳಕ್ಕೆ ಎಳೆದುಕೊಳ್ಳುತ್ತದೆ. ಆರಿಸಿದ ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ, 13ರಿಂದ 16 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟು, ಒಂದು ವಾರದೊಳಗೆ ಕಾವಿಗೆ ಸೇರಿಸಬೇಕು. ವಾರ ದಾಟಿದಂತೆ ಮರಿಯಾಗುವ ಸಂಭವ ಇಳಿಯುತ್ತ ಹೋಗುತ್ತದೆ.

ಕಾವುಪೆಟ್ಟಿಗೆಯನ್ನು ಮೊಟ್ಟೆಯಿಡುವ ಮೊದಲು ಒಂದು ಇಡೀ ದಿನ ಖಾಲಿ ಓಡಿಸಿ, ಅದರ ತೋರುಫಲಕ ಹೇಳುವ ಉಷ್ಣಾಂಶವನ್ನು ಬೇರೊಂದು ಥರ್ಮಾಮೀಟರಿನೊಡನೆ ಹೋಲಿಸಿದೆ. ಅರ್ಧ ಡಿಗ್ರಿಯ ಅಂತರವೂ 28 ದಿನಗಳ ಉದ್ದಕ್ಕೆ ಬೆಳೆದಾಗ ಸಣ್ಣದಲ್ಲ: ಬಿಸಿ ಹೆಚ್ಚಾದರೆ ಮರಿ ಬೇಗ ಬಂದು ದುರ್ಬಲವಾಗುತ್ತದೆ, ಕಡಿಮೆಯಾದರೆ ತಡವಾಗಿ ಬಂದು ಹೊಟ್ಟೆಯ ಹೊಕ್ಕುಳು ಮುಚ್ಚಿರುವುದಿಲ್ಲ. ಒಳಗೆ ಫ್ಯಾನ್ ಇರುವ ಪೆಟ್ಟಿಗೆಯಲ್ಲಿ 37.5 ಡಿಗ್ರಿ ಸರಿ. ಫ್ಯಾನ್ ಇಲ್ಲದ್ದರಲ್ಲಿ ಬಿಸಿಗಾಳಿ ಮೇಲೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಮೈ ಮಟ್ಟದಲ್ಲಿ ಅಳೆದು ಅದಕ್ಕಿಂತ ಸುಮಾರು ಒಂದು ಡಿಗ್ರಿ ಹೆಚ್ಚು ಇರಿಸುತ್ತಾರೆ. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲು ತಾಗದ, ಉಷ್ಣಾಂಶ ಹೆಚ್ಚು ಏರಿಳಿಯದ ಕೋಣೆಯಲ್ಲಿಟ್ಟೆ. ಮೊಟ್ಟೆಯ ಒಂದು ಬದಿಗೆ ಪೆನ್ಸಿಲಿನಿಂದ ಗುಣಿಸು ಗುರುತು, ಇನ್ನೊಂದು ಬದಿಗೆ ಸೊನ್ನೆ. ಕೈಯಿಂದ ಹೊರಳಿಸುವವರಿಗೆ ಯಾವುದು ಹೊರಳಿತು, ಯಾವುದು ಉಳಿಯಿತು ಎಂದು ತಿಳಿಯಲು ಇದಕ್ಕಿಂತ ಸುಲಭದ ಉಪಾಯವಿಲ್ಲ.

ಹೊರಳಿಸುವುದನ್ನು ದಿನಕ್ಕೆ ಮೂರು ಅಥವಾ ಐದು ಸಲ ಮಾಡುತ್ತಾರೆ. ಬೆಸ ಸಂಖ್ಯೆಗೆ ಕಾರಣವಿದೆ: ರಾತ್ರಿಯ ದೀರ್ಘ ಅವಧಿಯಲ್ಲಿ ಮೊಟ್ಟೆಯ ಒಂದೇ ಬದಿ ಪ್ರತಿ ದಿನವೂ ಮೇಲಿರದಂತೆ ಅದು ನೋಡಿಕೊಳ್ಳುತ್ತದೆ. ಹೊರಳಿಸದೆ ಬಿಟ್ಟರೆ ಭ್ರೂಣ ಒಳಪೊರೆಗೆ ಅಂಟಿಕೊಂಡು ಸಾಯುತ್ತದೆ. ಬಾತುಮೊಟ್ಟೆಗೆ ಇನ್ನೊಂದು ವಿಶೇಷ ಉಪಚಾರವನ್ನು ಅನೇಕರು ಮಾಡುತ್ತಾರೆ, ನಾನೂ ಮಾಡಿದೆ. ಮೊದಲ ವಾರ ಕಳೆದ ಮೇಲೆ ದಿನಕ್ಕೊಮ್ಮೆ ಪೆಟ್ಟಿಗೆಯ ಮುಚ್ಚಳ ತೆಗೆದು ಹದಿನೈದು ನಿಮಿಷ ಮೊಟ್ಟೆಗಳನ್ನು ಆರಲು ಬಿಟ್ಟು, ಮುಚ್ಚುವ ಮೊದಲು ಉಗುರುಬೆಚ್ಚಗಿನ ನೀರನ್ನು ತುಂತುರಾಗಿ ಸಿಂಪಡಿಸುವುದು ಆ ಉಪಚಾರ. ತಾಯಿ ಬಾತು ಮೇವಿಗೆಂದು ಗೂಡು ಬಿಟ್ಟೆದ್ದು, ಮಿಂದು, ತೊಯ್ದ ಹೊಟ್ಟೆಯೊಡನೆ ಮತ್ತೆ ಬಂದು ಮೊಟ್ಟೆಗಳ ಮೇಲೆ ಕೂರುವುದರ ಅನುಕರಣೆ ಇದು. ದಿನ ಕಳೆದಂತೆ ಒಳಗಿನ ಮರಿ ತಾನೇ ಶಾಖ ಉತ್ಪಾದಿಸುತ್ತದೆ. ದೊಡ್ಡ ಗಾತ್ರದ, ಕೊಬ್ಬಿನಂಶ ಹೆಚ್ಚಿರುವ ಬಾತುಮೊಟ್ಟೆಗೆ ಆ ಶಾಖವನ್ನು ಹೊರಹಾಕುವುದು ಕಷ್ಟ. ಕೊನೆಯ ವಾರಗಳಲ್ಲಿ ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ನೋಡಿದರೆ ಜೀವವಿರುವ ಮೊಟ್ಟೆಗೂ ಸತ್ತ ಮೊಟ್ಟೆಗೂ ಬಿಸಿಯಲ್ಲಿ ವ್ಯತ್ಯಾಸ ತಿಳಿಯುತ್ತಿತ್ತು.

ಏಳನೆಯ ದಿನದ ರಾತ್ರಿ ಕೋಣೆಯನ್ನು ಕತ್ತಲು ಮಾಡಿ, ಟಾರ್ಚಿನ ಬಾಯಿಗೆ ಮೊಟ್ಟೆಯ ದಪ್ಪ ತುದಿಯನ್ನು ಹಿಡಿದು ನೋಡುವುದು ಇಡೀ ಪ್ರಕ್ರಿಯೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ಫಲಿತ ಮೊಟ್ಟೆಯಲ್ಲಿ ಒಂದು ಕಪ್ಪು ಚುಕ್ಕೆ, ಅದರಿಂದ ಎಲ್ಲ ದಿಕ್ಕಿಗೂ ಜೇಡರ ಬಲೆಯಂತೆ ಹರಡಿದ ಕೆಂಪು ರಕ್ತನಾಳಗಳು. ಸ್ವಲ್ಪ ಹೊತ್ತು ಕೈ ಅಲುಗದಂತೆ ಹಿಡಿದರೆ ಆ ಚುಕ್ಕೆ ಮಿಸುಕುವುದೂ ಕಾಣುತ್ತದೆ. ಗೊಡ್ಡು ಮೊಟ್ಟೆ ಬರಿಯ ಹಳದಿ ಬೆಳಕು, ಏನೂ ಇಲ್ಲ. ಮೂರನೆಯ ಬಗೆಯದರಲ್ಲಿ ನಾಳಗಳ ಬದಲು ಒಂದು ತೆಳುವಾದ ಕೆಂಪು ಉಂಗುರ ಮಾತ್ರ ಕಾಣುತ್ತದೆ. ಬೆಳೆಯಲು ತೊಡಗಿ ಸತ್ತ ಭ್ರೂಣದ ಗುರುತು ಅದು. ಗೊಡ್ಡು ಮತ್ತು ಸತ್ತ ಮೊಟ್ಟೆಗಳನ್ನು ಆಗಲೇ ತೆಗೆದುಬಿಡಬೇಕು. ಕಾವಿನಲ್ಲಿ ಕೊಳೆಯುವ ಮೊಟ್ಟೆಯೊಳಗೆ ಅನಿಲ ತುಂಬಿ ಅದು ಸಿಡಿಯಬಹುದು, ಸಿಡಿದರೆ ಪೆಟ್ಟಿಗೆಯಲ್ಲಿರುವ ಉಳಿದ ಮೊಟ್ಟೆಗಳಿಗೂ ಸೋಂಕು ಹರಡುತ್ತದೆ. ನಾಸಿಕವನ್ನೂ ನಂಬಬಹುದು: ಮುಚ್ಚಳ ತೆಗೆದಾಗ ಸ್ವಲ್ಪವೇ ಕೆಟ್ಟ ವಾಸನೆ ಬಂದರೂ ಒಂದೊಂದನ್ನೇ ಮೂಸಿ ಹುಡುಕುತ್ತಿದ್ದೆ.

ಇನ್ನು ನೀರಿನ ಲೆಕ್ಕದ ಅತ್ಯಂತ ಸೂಕ್ಷ್ಮ ಭಾಗ ಆರ್ದ್ರತೆ. ಕಾವಿನ ಅವಧಿಯುದ್ದಕ್ಕೂ ಮೊಟ್ಟೆ ತನ್ನ ರಂಧ್ರಗಳ ಮೂಲಕ ನೀರನ್ನು ಕಳೆದುಕೊಳ್ಳುತ್ತದೆ, ಕಳೆದುಕೊಳ್ಳಲೇಬೇಕು. ಹಾಗೆ ಖಾಲಿಯಾದ ಜಾಗವೇ ದಪ್ಪ ತುದಿಯ ಗಾಳಿಕೋಶವಾಗಿ ಬೆಳೆಯುತ್ತದೆ, ಮರಿ ಹೊರಬರುವ ಮೊದಲು ತೆಗೆಯುವ ಮೊದಲ ಉಸಿರು ಅದರೊಳಗಿನದು. ಪೆಟ್ಟಿಗೆ ತೀರ ತೇವವಾಗಿದ್ದರೆ ಕೋಶ ಚಿಕ್ಕದಾಗಿ, ಊದಿಕೊಂಡ ಮರಿಗೆ ಹೊರಳಲು ಜಾಗವಿಲ್ಲದೆ ಹೋಗುತ್ತದೆ. ತೀರ ಒಣಗಿದ್ದರೆ ಮರಿ ಸೊರಗಿ ಒಳಪೊರೆಗೆ ಅಂಟಿಕೊಳ್ಳುತ್ತದೆ. ಮೊದಲ 25 ದಿನಗಳಿಗೆ 55 ಶೇಕಡದ ಆಸುಪಾಸಿನ ಆರ್ದ್ರತೆಯನ್ನು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಆರ್ದ್ರತಾಮಾಪಕಕ್ಕಿಂತ ಹೆಚ್ಚಾಗಿ ತಕ್ಕಡಿಯನ್ನು ನಂಬಿದೆ. ಅಷ್ಟರೊಳಗೆ ಮೊಟ್ಟೆ ತನ್ನ ಆರಂಭದ ತೂಕದ ಸುಮಾರು 13 ಶೇಕಡವನ್ನು ಕಳೆದುಕೊಂಡಿರಬೇಕು. 70 ಗ್ರಾಂ ಮೊಟ್ಟೆಗೆ ಅದು ಸುಮಾರು 9 ಗ್ರಾಂ. ಪ್ರತಿ ಮೊಟ್ಟೆಯ ಮೇಲೆ ಮೊದಲ ದಿನದ ತೂಕವನ್ನು ಬರೆದಿಟ್ಟು ವಾರಕ್ಕೊಮ್ಮೆ ತೂಗುತ್ತಿದ್ದೆ. ಇಳಿಕೆ ನಿಧಾನವಾದರೆ ನೀರಿನ ಬಟ್ಟಲನ್ನು ಚಿಕ್ಕದು ಮಾಡುವುದು, ಜೋರಾದರೆ ಅಗಲ ಬಾಯಿಯ ಬಟ್ಟಲಿಡುವುದು. ಆರ್ದ್ರತೆಯನ್ನು ನಿರ್ಧರಿಸುವುದು ಬಟ್ಟಲಿನ ಆಳವಲ್ಲ, ಗಾಳಿಗೆ ತೆರೆದಿರುವ ನೀರಿನ ಮೇಲ್ಮೈ. ಈ ತೂಗುವ ಕೆಲಸ ರಗಳೆಯೆನಿಸಿದರೂ ಇದರಷ್ಟು ನಿಖರವಾದ ಸೂಚನೆ ಬೇರೊಂದಿಲ್ಲ.

25ನೆಯ ದಿನ ಹೊರಳಿಸುವುದನ್ನು ನಿಲ್ಲಿಸಿ, ಆರ್ದ್ರತೆಯನ್ನು 70 ಶೇಕಡಕ್ಕಿಂತ ಮೇಲೇರಿಸಿ, ಮುಚ್ಚಳವನ್ನು ಮುಚ್ಚಿಬಿಡಬೇಕು. ಅಲ್ಲಿಂದ ಮುಂದೆ ಅದನ್ನು ತೆಗೆಯಬಾರದು. ಅದಕ್ಕೆ ಮುನ್ನ ಕೊನೆಯ ಬಾರಿ ಟಾರ್ಚು ಹಿಡಿದಾಗ ಮೊಟ್ಟೆಯ ಬಹುಪಾಲು ಕಪ್ಪಾಗಿತ್ತು. ಗಾಳಿಕೋಶದ ಗೆರೆ ಒಂದು ಬದಿಗೆ ಓರೆಯಾಗಿ ಇಳಿದಿತ್ತು, ಆ ಗೆರೆಯ ಅಂಚಿನಲ್ಲಿ ಕೊಕ್ಕಿನ ನೆರಳು ತಟ್ಟಿ ಹಿಂದೆ ಸರಿಯುತ್ತಿತ್ತು. ಒಳಪೊರೆ ತೂತಾದ ಮೇಲೆ ಮುಚ್ಚಿದ ಪೆಟ್ಟಿಗೆಗೆ ಕಿವಿಗೊಟ್ಟರೆ ಸಣ್ಣ ಟಿಕ್ ಟಿಕ್ ಸದ್ದೂ ನಡುನಡುವೆ ಕೀಚಲು ದನಿಯೂ ಕೇಳುತ್ತವೆ. ಚಿಪ್ಪಿನ ಮೇಲೆ ಮೊದಲ ಬಿರುಕು ಮೂಡಿದ ಬಳಿಕ ಒಂದು ಹಗಲು ಒಂದು ರಾತ್ರಿ ಏನೂ ಆಗದಂತೆ ತೋರುತ್ತದೆ. ನೋಡುವವರ ತಾಳ್ಮೆ ಕೆಡುವುದು ಇಲ್ಲಿಯೇ. ಆದರೆ ಆ ಹೊತ್ತಿನಲ್ಲಿ ಮರಿ ಸುಮ್ಮನಿರುವುದಿಲ್ಲ: ಪೊರೆಯ ನಾಳಗಳಲ್ಲಿ ಉಳಿದ ರಕ್ತವನ್ನು ಮೈಯೊಳಗೆ ಸೆಳೆದುಕೊಳ್ಳುತ್ತಿರುತ್ತದೆ, ಉಳಿದ ಹಳದಿ ಭಂಡಾರವನ್ನು ಹೊಕ್ಕುಳಿನ ಮೂಲಕ ಹೊಟ್ಟೆಯೊಳಗೆ ಸೇರಿಸಿಕೊಳ್ಳುತ್ತಿರುತ್ತದೆ, ಶ್ವಾಸಕೋಶದ ಉಸಿರಾಟಕ್ಕೆ ಹೊಂದಿಕೊಳ್ಳುತ್ತಿರುತ್ತದೆ. ಕನಿಕರದಿಂದ ಚಿಪ್ಪು ಬಿಡಿಸಲು ಹೋದರೆ ರಕ್ತ ಸೋರಿ ಮರಿ ಸಾಯುತ್ತದೆ. ಮುಚ್ಚಳ ತೆರೆದರೂ ತೇವದ ಗಾಳಿ ಒಮ್ಮೆಲೇ ಹೊರಹೋಗಿ, ಬಿರುಕು ಬಿಟ್ಟ ಉಳಿದ ಮೊಟ್ಟೆಗಳ ಪೊರೆ ಒಣಗಿ ಮರಿಯನ್ನು ಬಿಗಿದುಬಿಡುತ್ತದೆ.

ಆಮೇಲಿನದು ಬೇಗ ನಡೆಯುತ್ತದೆ. ಕೊಕ್ಕಿನ ತುದಿಯ ಬಿಳಿಯ ಗಟ್ಟಿ ಮೊನೆಯಿಂದ ಚಿಪ್ಪನ್ನು ಒಳಗಿಂದ ಕುಟ್ಟುತ್ತ, ಕಾಲಿನಿಂದ ತಳ್ಳಿ ತಳ್ಳಿ ಮೈಯನ್ನು ತಿರುಗಿಸುತ್ತ, ದಪ್ಪ ತುದಿಯ ಸುತ್ತ ಒಂದು ಗೆರೆಯನ್ನು ಮರಿ ಕೊರೆದುಕೊಂಡು ಬರುತ್ತದೆ. ಗೆರೆ ಮುಕ್ಕಾಲು ಸುತ್ತಿದಾಗ ಒಂದು ಕೊನೆಯ ಒದೆತಕ್ಕೆ ಚಿಪ್ಪಿನ ಟೋಪಿ ಎದ್ದು, ತೊಯ್ದು ಮುದುರಿದ ಮರಿ ಹೊರಬೀಳುತ್ತದೆ. ನನ್ನ ಪೆಟ್ಟಿಗೆಯ ಮೊದಲ ಮರಿ ಕತ್ತನ್ನು ಎತ್ತಲು ಹೋಗಿ, ಎತ್ತಲಾರದೆ, ಪಕ್ಕದ ಮೊಟ್ಟೆಯ ಮೇಲೆ ಗಲ್ಲ ಊರಿ ಮಲಗಿತು. ಅದರ ಕೀಚು ದನಿಗೆ ಆ ಮೊಟ್ಟೆಯೊಳಗಿನಿಂದ ಉತ್ತರವೂ ಬರುತ್ತಿತ್ತು. ಪೂರ್ತಿ ಒಣಗಿ ತುಪ್ಪುಳ ಉಬ್ಬುವವರೆಗೆ, ಒಂದು ದಿನದಷ್ಟು, ಮರಿಗಳನ್ನು ಅಲ್ಲಿಯೇ ಬಿಡಬಹುದು. ಹೊಟ್ಟೆಯಲ್ಲಿ ಭಂಡಾರ ಇರುವುದರಿಂದ ಹಸಿವಿನ ಚಿಂತೆಯಿಲ್ಲ.

ಎಲ್ಲ ಮೊಟ್ಟೆಗಳೂ ಒಡೆಯುವುದಿಲ್ಲ. ಉಳಿದವನ್ನು ಎಸೆಯುವ ಮೊದಲು ಒಡೆದು ನೋಡುವುದು ಹೇಸಿಗೆಯ ಕೆಲಸವಾದರೂ ಅಗತ್ಯ. ಮೊದಲ ವಾರದಲ್ಲಿ ಸತ್ತಿದ್ದರೆ ಸಂಗ್ರಹಣೆ ಅಥವಾ ಉಷ್ಣಾಂಶವನ್ನು, ಕೊನೆಯಲ್ಲಿ ಪೂರ್ತಿ ಬೆಳೆದು ಸತ್ತಿದ್ದರೆ ಆರ್ದ್ರತೆ ಮತ್ತು ಗಾಳಿಯಾಟವನ್ನು ಮೊದಲು ಸಂದೇಹಿಸಬೇಕು. ನಾನು ಒಡೆದ ಮೊಟ್ಟೆಯೊಂದರಲ್ಲಿ ಮರಿಯ ತಲೆ ಚೂಪು ತುದಿಯ ಕಡೆಗಿತ್ತು. ಗಾಳಿಕೋಶ ಸಿಗದೆ ಅದು ಉಸಿರುಗಟ್ಟಿತ್ತು.

ಯಂತ್ರದ ಗೊಡವೆ ಬೇಡವೆನ್ನುವವರಿಗೆ ಕಾವಿಗೆ ಕೂತ ಹೇಂಟೆ ಇದ್ದೇ ಇದೆ. ಕೋಳಿಮೊಟ್ಟೆ 21 ದಿನಕ್ಕೆ ಒಡೆಯುತ್ತದೆಯಾದ್ದರಿಂದ ಹೇಂಟೆ ಒಂದು ವಾರ ಹೆಚ್ಚು ಕೂರಬೇಕು. ನಿಜವಾಗಿ ಕಾವು ಹತ್ತಿದ ಹೇಂಟೆಗೆ ಇದು ತೊಡಕಲ್ಲ. ಬಾತುಮೊಟ್ಟೆ ದೊಡ್ಡದಾದ್ದರಿಂದ ಅದರ ರೆಕ್ಕೆಯಡಿಗೆ ಕಡಿಮೆ ಮೊಟ್ಟೆಗಳನ್ನು ಇಡಬೇಕು, ಹೇಂಟೆ ಮೀಯದ ಹಕ್ಕಿಯಾದ್ದರಿಂದ ಕೊನೆಯ ವಾರಗಳಲ್ಲಿ ನೀರಿನ ತುಂತುರನ್ನು ನಾವೇ ಕೊಡಬೇಕು. ಹೇಂಟೆಯ ಹಿಂದೆ ಬೆಳೆದ ಬಾತುಮರಿಗಳು ಪೆಟ್ಟಿಗೆಯ ಮರಿಗಳಿಗಿಂತ ಚುರುಕಾಗಿ ಮೇವು ಹುಡುಕುತ್ತವೆಂದು ನನ್ನ ಅನಿಸಿಕೆ. ಮರಿಗಳು ಮೊದಲ ಸಲ ನೀರಿಗಿಳಿದಾಗ ದಡದಲ್ಲಿ ನಿಂತು ಕೂಗಾಡುವ ತಾಯಿಯ ಸಂಕಟ ಮಾತ್ರ ನೋಡಲಾಗದು.

ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಗಳಿಗೆ ಶಾಖದ ಗೂಡು ಬೇಕು. ಮೊದಲ ವಾರ ದೀಪದ ಕೆಳಗೆ ಸುಮಾರು 32 ಡಿಗ್ರಿ, ಅಲ್ಲಿಂದ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸುತ್ತ ಹೋಗುವುದು ಕ್ರಮ. ಥರ್ಮಾಮೀಟರಿಗಿಂತ ಮರಿಗಳೇ ಸರಿಯಾಗಿ ಹೇಳುತ್ತವೆ: ದೀಪದಡಿ ಒತ್ತೊತ್ತಾಗಿ ಗುಂಪುಗಟ್ಟಿ ಚೀರಿದರೆ ಚಳಿ, ಗೋಡೆಗೆ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ, ಎಲ್ಲೆಡೆ ಹರಡಿ ಮಲಗಿದ್ದರೆ ಹಿತ. ನೆಲಕ್ಕೆ ನುಣುಪು ಕಾಗದ ಹಾಸಬಾರದು. ಕಾಲು ಜಾರಿ ಎರಡು ಬದಿಗೆ ಸೀಳಿಕೊಂಡ ಮರಿ ಮತ್ತೆ ನೇರ ನಿಲ್ಲುವುದು ಕಷ್ಟ. ಮೊದಲ ದಿನಗಳಲ್ಲಿ ಒರಟು ಬಟ್ಟೆ, ಆಮೇಲೆ ಮರದ ಹೊಟ್ಟು ಹಾಸಿದೆ. ಬೂಷ್ಟು ಹಿಡಿದ ಹುಲ್ಲನ್ನು ಹತ್ತಿರಕ್ಕೂ ತರಬಾರದು, ಅದರ ಧೂಳಿನಲ್ಲಿರುವ ಶಿಲೀಂಧ್ರ ಮರಿಗಳ ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರಿನ ಪಾತ್ರೆಯನ್ನು ತಂತಿಬಲೆ ಹೊದಿಸಿದ ತಟ್ಟೆಯ ಮೇಲೆ ಇಟ್ಟೆ. ಚೆಲ್ಲಿದ್ದೆಲ್ಲ ತಟ್ಟೆಗೆ ಇಳಿದು ಹಾಸು ಒಣಗಿಯೇ ಇರುತ್ತಿತ್ತು. ಕೊಕ್ಕು ಹೊಳ್ಳೆಯವರೆಗೆ ಮುಳುಗಬೇಕು, ಮರಿ ಒಳಗೆ ಬೀಳಬಾರದು. ಪಾತ್ರೆಯ ಬಾಯಿ ಕಿರಿದಾಗಿದ್ದರೆ ಎರಡೂ ಸಾಧ್ಯ.

ಮರಿಮೇವಿನಲ್ಲಿ ಎರಡು ಸಂಗತಿಗಳಿಗೆ ನಾನು ಹೆಚ್ಚು ಎಚ್ಚರ ವಹಿಸಿದೆ. ಮೊದಲನೆಯದು ನಯಾಸಿನ್ ಎಂಬ ಬಿ ಜೀವಸತ್ವ. ಬಾತುಮರಿಗೆ ಒಂದು ಕಿಲೋ ಮೇವಿಗೆ ಸುಮಾರು 55 ಮಿಲಿಗ್ರಾಂ ನಯಾಸಿನ್ ಬೇಕು. ಕೋಳಿಮರಿಗಳ ಅಗತ್ಯ ಅದಕ್ಕಿಂತ ಕಡಿಮೆಯಾದ್ದರಿಂದ ಬರಿಯ ಕೋಳಿಮೇವು ತಿಂದ ಬಾತುಮರಿಯ ಮಂಡಿ ಊದಿ, ಕಾಲು ಬಾಗಿ, ಅದು ಕುಂಟತೊಡಗಬಹುದು. ಮೇವಿಗೆ ಬ್ರೂವರ್ಸ್ ಯೀಸ್ಟ್ ಪುಡಿ ಬೆರೆಸಿದರೆ ಈ ಕೊರತೆ ನೀಗುತ್ತದೆ. ಎರಡನೆಯದು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಟರ್ಕಿ ಕೋಳಿಗಳು ಲಕ್ಷಕ್ಕೂ ಮಿಕ್ಕಿ ಸತ್ತಾಗ ಅದರ ಬೇರು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿ ಸಿಕ್ಕಿತು, ಅಫ್ಲಾಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದದ್ದು ಹಾಗೆ. ಆ ವಿಷಕ್ಕೆ ಬಾತುಮರಿಗಳು ಎಷ್ಟು ಸೂಕ್ಷ್ಮವೆಂದರೆ ಪ್ರಯೋಗಾಲಯಗಳಲ್ಲಿ ಅದನ್ನು ಪತ್ತೆಹಚ್ಚಲು ಅವನ್ನೇ ಬಳಸುತ್ತಿದ್ದರು. ಮೇವಿನ ಚೀಲವನ್ನು ನೆಲದಿಂದ ಎತ್ತರಿಸಿ ಒಣ ಜಾಗದಲ್ಲಿಡುವುದು, ಮುಗ್ಗಲು ವಾಸನೆ ಬಂದ ಮೇವನ್ನು ಹಿಂದುಮುಂದು ನೋಡದೆ ಎಸೆಯುವುದು ಇದರಿಂದಲೇ ಬಂದ ನಿಯಮ. ಮೊದಲ ಎರಡು ವಾರ 20 ಶೇಕಡ ಪ್ರೋಟೀನ್ ಕೊಟ್ಟು ಬಳಿಕ ಇಳಿಸಬೇಕು. ತೀರ ಪುಷ್ಟಿಯಾದ ಮೇವಿನಿಂದ ರೆಕ್ಕೆಯ ಗರಿಗಳು ಎಲುಬಿಗಿಂತ ಬೇಗ ತೂಕ ಪಡೆದು, ರೆಕ್ಕೆಯ ತುದಿ ಹೊರಕ್ಕೆ ತಿರುಚಿಕೊಳ್ಳುತ್ತದೆ. ಮೊಟ್ಟೆಬಾತಿನ ಮೇವನ್ನಂತೂ ಮರಿಗೆ ಹಾಕಲೇಬಾರದು, ಅದರ ಕ್ಯಾಲ್ಸಿಯಂ ಮೂತ್ರಪಿಂಡವನ್ನು ಕೆಡಿಸುತ್ತದೆ.

ಬಾತುಮರಿ ಹುಟ್ಟುತ್ತಲೇ ಈಜಬಲ್ಲದು, ಆದರೆ ಪೆಟ್ಟಿಗೆಯಲ್ಲಿ ಹುಟ್ಟಿದ ಮರಿಯನ್ನು ಈಜಲು ಬಿಡುವುದು ಅಪಾಯ. ತಾಯಿಯ ಹೊಟ್ಟೆಯಡಿ ಬೆಳೆದ ಮರಿಗೆ ತಾಯಿಯ ಗರಿಯ ಎಣ್ಣೆ ತಾಗಿರುತ್ತದೆ, ನೆನೆದ ಮೇಲೆ ಬೆಚ್ಚಗಾಗಲು ತಾಯಿಯ ರೆಕ್ಕೆಯಿರುತ್ತದೆ. ಇದಕ್ಕೆ ಎರಡೂ ಇಲ್ಲ. ತುಪ್ಪುಳ ನೀರು ಹೀರಿ, ಮೈ ತಣ್ಣಗಾಗಿ, ನೋಡನೋಡುತ್ತ ಕುಸಿಯುತ್ತದೆ. ಎರಡನೆಯ ವಾರದಿಂದ ಬೆಚ್ಚಗಿನ ನೀರಿನ ತಗ್ಗು ತಟ್ಟೆಯಲ್ಲಿ ಕೆಲವೇ ನಿಮಿಷ, ಅದೂ ಕಣ್ಣೆದುರಿಗೆ, ಬಿಟ್ಟು ಒರೆಸಿ ದೀಪದಡಿ ಸೇರಿಸುತ್ತಿದ್ದೆ. ಗರಿ ಮೂಡಿ, ಬಾಲದ ಬುಡದ ಎಣ್ಣೆಗ್ರಂಥಿಯಿಂದ ಕೊಕ್ಕಿನಲ್ಲಿ ಎಣ್ಣೆ ತೆಗೆದು ಮೈಗೆ ಸವರಿಕೊಳ್ಳಲು ಕಲಿತ ಮೇಲೆ ಈ ಕಾವಲು ಬೇಕಿಲ್ಲ. ಏಳೆಂಟು ವಾರಕ್ಕೆ ಮೈತುಂಬ ಗರಿ ಬರುತ್ತದೆ.

ಯಾರನ್ನು ಮೊದಲು ಕಂಡವೋ ಅವರ ಹಿಂದೆ ಮರಿಗಳು ನಡೆಯುವುದು ಸುಳ್ಳಲ್ಲ. ಕೊನ್ರಾಡ್ ಲೊರೆಂಟ್ಸ್ ಇದನ್ನು 1930ರ ದಶಕದಲ್ಲಿ ಶಾಸ್ತ್ರೀಯವಾಗಿ ವಿವರಿಸಿದರು, ಪ್ರಾಣಿಗಳ ವರ್ತನೆಯ ಅಧ್ಯಯನಕ್ಕಾಗಿ 1973ರ ನೊಬೆಲ್ ಪ್ರಶಸ್ತಿಯನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಈ ಛಾಪು ಮೊದಲ ದಿನದಲ್ಲಿಯೇ ಬೀಳುತ್ತದೆ. ಒಂಟಿ ಮರಿ ಮನುಷ್ಯನಿಗೆ ಎಷ್ಟು ಅಂಟಿಕೊಳ್ಳುತ್ತದೆಂದರೆ ಬಿಟ್ಟು ಕದಲಿದರೆ ಅಳುತ್ತದೆ. ಆದ್ದರಿಂದ ಒಂದನ್ನೇ ಸಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಮರಿಗಳನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯುವ ನಿಯಮವನ್ನು ಮಕ್ಕಳಿರುವ ಮನೆಯಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕು, ಆರೋಗ್ಯವಾಗಿ ಕಾಣುವ ಮರಿಯಲ್ಲೂ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು.

ಗಂಡು ಹೆಣ್ಣು ತಿಳಿಯುವುದು ದನಿಯಿಂದ. ಸುಮಾರು ಎರಡು ತಿಂಗಳಿಗೆ ಹೆಣ್ಣು ಗಟ್ಟಿಯಾಗಿ ಕ್ವ್ಯಾಕ್ ಎನ್ನತೊಡಗುತ್ತದೆ, ಗಂಡಿನದು ಒಡಕಲು ಪಿಸುದನಿಯಾಗಿಯೇ ಉಳಿಯುತ್ತದೆ. ಬಾಲದ ಮೇಲಿನ ಸುರುಳಿ ಗರಿ ಬರಲು ಇನ್ನೂ ಕೆಲವು ವಾರ ಬೇಕು. ಹುಟ್ಟಿದವುಗಳಲ್ಲಿ ಅರ್ಧದಷ್ಟು ಗಂಡುಗಳಾಗುತ್ತವೆಂಬ ಲೆಕ್ಕವನ್ನು ಮೊಟ್ಟೆಯನ್ನು ಕಾವಿಗಿಡುವ ದಿನವೇ ಹಾಕಿ, ಹೆಚ್ಚಾದ ಗಂಡುಗಳಿಗೆ ಬೇರೆ ನೆಲೆಯನ್ನು ಮೊದಲೇ ನಿಶ್ಚಯಿಸಿಕೊಂಡಿರಬೇಕು. ಬಾತಿನ ಪಿಡುಗು ಎಂಬ ವೈರಸ್ ರೋಗಕ್ಕೆ ಲಸಿಕೆಯಿದೆ. ಅದರ ವೇಳಾಪಟ್ಟಿಯನ್ನು ಪಶುವೈದ್ಯರಿಂದಲೇ ಪಡೆಯುವುದು ಕ್ಷೇಮ. ಹೊಸ ಹೆಣ್ಣುಗಳ ಮೊದಮೊದಲ ಮೊಟ್ಟೆಗಳು ಚಿಕ್ಕವಾಗಿರುತ್ತವೆ. ಅವನ್ನು ತಿನ್ನಲು ಬಳಸಿ, ತೂಕ ಒಂದು ಹದಕ್ಕೆ ಬಂದು ನಿಂತ ಮೇಲೆ ಮಾತ್ರ, ಅದೂ ಒಡಹುಟ್ಟಿದ ಗಂಡನ್ನು ಬಿಟ್ಟು ಬೇರೆ ಗುಂಪಿನಿಂದ ತಂದ ಗಂಡಿನ ಜೊತೆ ಕೂಡಿಸಿ, ಮುಂದಿನ ಕಾವಿಗೆ ಮೊಟ್ಟೆ ಆರಿಸುತ್ತಿದ್ದೇನೆ.